ಮೀನಿಗೆ ಧಣಿ ಗೊತ್ತೆ?

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಹೆಮ್ಮೆಯಿಂದ ಹೇಳಿಕೊಳ್ಳೋ ಮಾತೊಂದಿದೆ. 'ನಮ್ಮ ಮೀನಿಗೆ ನಾನು ಗೊತ್ತು. ಬೇರೆ ಯಾರು ಬಂದರೂ ಕಲ್ಲಿನ ಸಂದಿಗೆ ಹೋಗಿ ಅಡಗುತ್ತೆ. ನಾನು ಬಂದರೆ ಮಾತ್ರ ಗಾಜಿಗೆ ಮೂತಿ ಹಚ್ಚಿ ನಿಲ್ಲುತ್ತೆ.' ಮನೆಗೆ ಬಂದವರೆದುರು ತೊಟ್ಟಿಯ ಹತ್ತಿರ ಹೋಗಿ ತೋರಿಸುತ್ತಾರೆ ಕೂಡ. ಮೀನು ಬರುತ್ತದೆ. ಬಂದವರು ತಲೆದೂಗುತ್ತಾರೆ.

ಕೂಲಿ, ಭೂಮಿ, ಹಾಸ್ಟೆಲಿನ ಅನ್ನ ಇವನ್ನೆಲ್ಲ ಬಿಟ್ಟು ಉಳ್ಳವರ ಮನೆಯ ಬಣ್ಣದ ಮೀನಿನ ಬಗ್ಗೆ ಬರೆಯೋ ಚಪಲ ಯಾಕೆ ಅಂತ ಗೆಳೆಯರು ಕೇಳಬಹುದು. ಕೇಳಲಿ. 'ಅದಕ್ಕೆ ನಾನು ಗೊತ್ತು' ಎನ್ನುವ ಒಂದು ಮಾತಿನೊಳಗೆ ಮೂರು ಮಾತು ಅಡಗಿವೆ. ಅದು ನನ್ನನ್ನು ಗುರುತಿಸುತ್ತದೆ. ಅದು ನನ್ನನ್ನು ಒಡೆಯನೆಂದು ಒಪ್ಪಿದೆ. ಅದಕ್ಕೆ ನನ್ನ ಮೇಲೆ ಪ್ರೀತಿಯಿದೆ. ಮೊದಲನೆಯದು ವಿಜ್ಞಾನ ಉತ್ತರಿಸಬೇಕಾದ ಪ್ರಶ್ನೆ. ಉಳಿದೆರಡು ನೀತಿಯ ಪ್ರಶ್ನೆಗಳು. ಮೊದಲನೆಯದಕ್ಕೆ ಸಿಕ್ಕ ಸಾಕ್ಷಿಯನ್ನು ಮುಂದೆ ಹಿಡಿದು ಉಳಿದೆರಡನ್ನೂ ಗೆದ್ದುಕೊಂಡು ಬಿಡುವ ಮೋಸ ನಮಗೆ ಹೊಸದಲ್ಲ. ನಮ್ಮ ಅಪ್ಪಂದಿರ ವಿಷಯದಲ್ಲೂ ಅದು ನಡೆದಿದೆ. ಆದ್ದರಿಂದ ಬರೆಯುತ್ತಿದ್ದೇವೆ.

ಮೀನಿಗೆ ಮೂರು ಸೆಕೆಂಡಿನ ನೆನಪು ಮಾತ್ರ ಅನ್ನೋ ಮಾತನ್ನು ಓದಿದವರೂ ಹೇಳುತ್ತಾರೆ. ಇದು ಶುದ್ಧ ಸುಳ್ಳು. ಚಿನ್ನದ ಮೀನಿಗೆ ಒಂದು ಪಾಠ ಕಲಿಸಿದರೆ ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಈ ಸುಳ್ಳು ಇಷ್ಟು ದಿನ ಬದುಕಿರೋದಕ್ಕೆ ಕಾರಣ ಇದೆ. ಒಂದು ಜೀವವನ್ನು ಅಂಗೈಯಗಲದ ಬುರುಡೆಯಲ್ಲಿ ಜೀವಮಾನವಿಡೀ ಸುತ್ತಿಸಬೇಕಾದರೆ, ಒಂದು ಸುತ್ತು ಬರೋವಷ್ಟರಲ್ಲಿ ಅದು ಹಿಂದಿನ ಸುತ್ತನ್ನು ಮರೆತಿರುತ್ತೆ ಅಂತ ನಂಬಿಕೊಂಡರೆ ಮನಸ್ಸಿಗೆ ಹಗುರ. 'ಅವರಿಗೆ ಅದೆಲ್ಲ ಗೊತ್ತಾಗಲ್ಲ ಬಿಡ್ರಿ, ಅಭ್ಯಾಸ ಆಗಿರುತ್ತೆ' ಅನ್ನೋ ಮಾತನ್ನು ಮಲ ಹೊರುವವರ ಬಗ್ಗೆ ಹೇಳಿದ್ದನ್ನು ನಾವು ಕೇಳಿದ್ದೇವೆ.

ಮೀನಿನ ದೇಹಕ್ಕೆ ತೊಟ್ಟಿಯ ಆಚೆಯ ಲೋಕ ಹೇಗೆಲ್ಲ ತಲುಪುತ್ತದೆ? ಅದರ ಕಣ್ಣಿನ ಮಸೂರ ನಮ್ಮದರ ಹಾಗೆ ಚಪ್ಪಟೆಯಲ್ಲ, ಗೋಲಿಯಂತೆ ದುಂಡಗೆ. ದೂರ ಹತ್ತಿರ ನೋಡುವಾಗ ನಮ್ಮ ಮಸೂರ ಆಕಾರ ಬದಲಿಸಿದರೆ, ಮೀನು ತನ್ನದನ್ನು ಹಿಂದೆ ಮುಂದೆ ಸರಿಸುತ್ತದೆ. ಬಣ್ಣ ಗುರುತಿಸಲು ನಮ್ಮ ಕಣ್ಣಲ್ಲಿ ಮೂರು ಬಗೆಯ ಕೋಶಗಳಿದ್ದರೆ ಚಿನ್ನದ ಮೀನಿಗೆ ನಾಲ್ಕು. ನಮಗೆ ಕಾಣದ ಅತಿನೇರಳೆ ಬೆಳಕೂ ಅದಕ್ಕೆ ಕಾಣುತ್ತದೆ. ಆದರೆ ನೀರಿನಿಂದ ಗಾಜು, ಗಾಜಿನಿಂದ ಗಾಳಿ ದಾಟುವಾಗ ಬೆಳಕು ಬಾಗುತ್ತದೆ. ಮೀನು ಕೆಳಗಿನಿಂದ ಮೇಲಕ್ಕೆ ನೋಡಿದರೆ ನೀರಿನ ಮೇಲಿನ ಇಡೀ ಲೋಕ ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯೊಳಗೆ ಮುದುರಿಕೊಂಡಿರುತ್ತದೆ. ಊಟ ಹಾಕುವ ಕೈ ಆ ಕಿಂಡಿಯೊಳಗೇ ಇಳಿಯಬೇಕು.

ಕಣ್ಣೊಂದೇ ಅಲ್ಲ. ಮೀನಿನ ಮೈಯ ಎರಡೂ ಪಕ್ಕಕ್ಕೆ ಕಿವಿರಿನಿಂದ ಬಾಲದವರೆಗೆ ದಾರ ಎಳೆದ ಹಾಗೆ ಒಂದು ಗೆರೆ ಇರುತ್ತದೆ. ಶಾಲೆಯ ಪುಸ್ತಕದಲ್ಲಿ ಅದನ್ನು ಪಾರ್ಶ್ವರೇಖೆ ಅಂತಾರೆ. ನೀರಿನ ಸಣ್ಣ ಅಲುಗಾಟವೂ ಅಲ್ಲಿ ತಾಗುತ್ತದೆ. ಚಿನ್ನದ ಮೀನು, ಗೆಂಡೆ ಇವಕ್ಕೆಲ್ಲ ಹೊಟ್ಟೆಯ ಗಾಳಿಚೀಲದಿಂದ ಒಳಕಿವಿಗೆ ಸಣ್ಣ ಎಲುಬುಗಳ ಸರಪಳಿಯೇ ಇದೆ. ನೆಲದ ಮೇಲೆ ಯಾರೋ ನಡೆದರೆ ಆ ನಡುಕ ಮೇಜಿಗೆ, ಮೇಜಿನಿಂದ ಗಾಜಿಗೆ, ಗಾಜಿನಿಂದ ನೀರಿಗೆ ಬರುತ್ತದೆ. ಯಜಮಾನ ಕಾಣಿಸೋದಕ್ಕೆ ಮೊದಲೇ ಅವನ ಹೆಜ್ಜೆ ಮೀನಿಗೆ ಮುಟ್ಟಿರುತ್ತದೆ. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೌಡನ ಜೋಡಿನ ಸದ್ದು, ಕೆಮ್ಮು, ಊರುಗೋಲು ಕಲ್ಲಿಗೆ ತಾಗಿದ ದನಿ, ಇವನ್ನು ಕೇರಿಯ ಮಕ್ಕಳು ಅಕ್ಷರ ಕಲಿಯೋದಕ್ಕೆ ಮೊದಲೇ ಕಲಿತಿರುತ್ತಿದ್ದವು.

ಕಾರ್ಲ್ ಫಾನ್ ಫ್ರಿಶ್ ಎಂಬ ಆಸ್ಟ್ರಿಯಾದ ವಿಜ್ಞಾನಿ 1923ರಲ್ಲಿ ಒಂದು ಪ್ರಬಂಧ ಬರೆದ. ಸಿಳ್ಳೆ ಹಾಕಿದರೆ ಬರುವ ಮೀನಿನ ಕಥೆ ಅದು. ಮೀನಿಗೆ ಕಿವುಡು ಅಂತ ಆಗಿನ ಪಂಡಿತರು ಹಟ ಹಿಡಿದಿದ್ದರು. ಇವನು ಸಣ್ಣದೊಂದು ಮೀಸೆಮೀನನ್ನು ಸಾಕಿ, ಪ್ರತಿ ಸಲ ಊಟ ಹಾಕುವ ಮೊದಲು ಸಿಳ್ಳೆ ಹಾಕಿದ. ಕೆಲವೇ ದಿನದಲ್ಲಿ ಸಿಳ್ಳೆಗೇ ಮೀನು ಗೂಡಿನಿಂದ ಹೊರಗೆ ಬರತೊಡಗಿತು. ಆ ಮೀನಿಗೆ ಕಣ್ಣಿರಲಿಲ್ಲ. ಕೈ ಕಂಡು ಬಂತು ಅಂತ ಯಾರೂ ಹೇಳದಿರಲಿ ಅಂತ ಅದನ್ನು ಕುರುಡು ಮಾಡಲಾಗಿತ್ತು. ಮೀನಿಗೆ ಕಿವಿಯಿದೆ ಎಂದು ನಾವು ಒಪ್ಪುವುದಕ್ಕೆ ಅದು ಕಣ್ಣು ಕೊಡಬೇಕಾಯಿತು. ಮುಂದೆ ಇದೇ ಫ್ರಿಶ್‌ಗೆ ಜೇನುನೊಣದ ಕುಣಿತವನ್ನು ಓದಿದ್ದಕ್ಕೆ 1973ರಲ್ಲಿ ನೊಬೆಲ್ ಬಂತು. ನಡುವೆ, 1941ರಲ್ಲಿ, ಅವನ ತಾಯಿಯ ತಾಯಿ ಯಹೂದಿ ಮೂಲದವಳು ಎನ್ನುವ ಕಾರಣಕ್ಕೆ ನಾಜಿಗಳು ಅವನನ್ನು ಮ್ಯೂನಿಕ್ ವಿಶ್ವವಿದ್ಯಾಲಯದ ಕೆಲಸದಿಂದ ತೆಗೆಯಲು ಹೊರಟಿದ್ದರು. ಅಜ್ಜಿಯ ಹುಟ್ಟು ಕೆದಕಿ ಮೊಮ್ಮಗನ ಯೋಗ್ಯತೆ ತೀರ್ಮಾನಿಸುವ ವಿದ್ಯೆ ನಮ್ಮ ದೇಶದ್ದು ಮಾತ್ರವಲ್ಲ ಅನ್ನೋದಕ್ಕೆ ಈ ಮಾತು ಹೇಳಿದೆವು.

ಇನ್ನು ಮುಖದ ವಿಷಯ. ಬಿಲ್ಲುಗಾರ ಮೀನು ಅನ್ನಬಹುದಾದ ಆರ್ಚರ್ ಫಿಶ್ ಅಂತ ಒಂದಿದೆ. ಕಾಂಡ್ಲಾ ಗಿಡಗಳ ಉಪ್ಪುನೀರಲ್ಲಿ ಇರುತ್ತದೆ. ಮೇಲಿನ ಎಲೆಯ ಮೇಲೆ ಹುಳ ಕೂತಿದ್ದರೆ ಬಾಯಿಂದ ನೀರು ಚಿಮ್ಮಿಸಿ ಕೆಡವಿ ತಿನ್ನುತ್ತದೆ. ಕೈಟ್ ನ್ಯೂಪೋರ್ಟ್ ಮತ್ತು ಜೊತೆಯವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಮೀನುಗಳಿಗೆ ಒಬ್ಬ ಮನುಷ್ಯನ ಮುಖದ ಚಿತ್ರಕ್ಕೆ ನೀರು ಉಗುಳಲು ಕಲಿಸಿದರು. ಆಮೇಲೆ ಆ ಮುಖದ ಜೊತೆ 44 ಹೊಸ ಮುಖಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ನೂರಕ್ಕೆ 81 ಸಲ ಮೀನು ಕಲಿತ ಮುಖಕ್ಕೇ ಉಗುಳಿತು. ತಲೆಯ ಆಕಾರ, ಬಣ್ಣ, ಬೆಳಕುಗಳ ವ್ಯತ್ಯಾಸ ತೆಗೆದುಹಾಕಿ ಪರೀಕ್ಷಿಸಿದಾಗ ನೂರಕ್ಕೆ 86 ಸಲ. ಮುಖ ಗುರುತಿಸಲು ಮನುಷ್ಯನ ಮಿದುಳಿನ ಹೊರಪದರದಂಥ ದೊಡ್ಡ ಸಲಕರಣೆ ಬೇಕೇಬೇಕು ಅಂತ ನಂಬಿದ್ದವರಿಗೆ ಇದು ಪೆಟ್ಟು. ಆ ಪದರ ಮೀನಿಗೆ ಇಲ್ಲವೇ ಇಲ್ಲ. ಮನುಷ್ಯನ ಮುಖ ಓದಬೇಕಾದ ದರ್ದು ಅದರ ವಂಶಕ್ಕೆ ಯಾವತ್ತೂ ಬಂದಿರಲಿಲ್ಲ. ಆದರೂ ಓದಿತು. ಇಂಥವರಿಗೆ ಇಷ್ಟೇ ಬುದ್ಧಿ ಎಂದು ಹುಟ್ಟಿನಿಂದಲೇ ಅಳೆದಿಡುವವರು ಈ ಪ್ರಯೋಗವನ್ನು ಸ್ವಲ್ಪ ಓದಿದರೆ ಒಳ್ಳೆಯದು.

ಆದರೆ 2025ರಲ್ಲಿ ಬಂದ ಇನ್ನೊಂದು ಅಧ್ಯಯನ ಈ ಖುಷಿಗೆ ಒಂದು ಕೊಕ್ಕೆ ಹಾಕುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಮೆಡಿಟರೇನಿಯನ್ ಸಮುದ್ರದಲ್ಲಿ, ಬಲೆಯಲ್ಲೂ ತೊಟ್ಟಿಯಲ್ಲೂ ಇಲ್ಲದ ಮೀನುಗಳ ಜೊತೆ ಮಾಡಿದ್ದು ಇದು. ಒಬ್ಬ ಮುಳುಗುಗಾರ್ತಿ ತನ್ನ ಹಿಂದೆ ಈಜಿ ಬಂದ ಮೀನುಗಳಿಗೆ ತಿನಿಸು ಕೊಟ್ಟಳು. ಆಮೇಲೆ ಬೇರೆ ಬಣ್ಣದ ಉಡುಪಿನ ಇನ್ನೊಬ್ಬನೂ ಇಳಿದ, ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಈಜಿದರು. ಮೀನುಗಳು ತಿನಿಸು ಕೊಡುವವಳ ಹಿಂದೆಯೇ ಹೋದವು. ಇಬ್ಬರೂ ಒಂದೇ ಥರದ ಉಡುಪು ತೊಟ್ಟಾಗ ಮಾತ್ರ ಮೀನುಗಳಿಗೆ ದಿಕ್ಕು ತಪ್ಪಿತು. ಅಂದರೆ ಅವು ಗುರುತು ಹಿಡಿದಿದ್ದು ಉಡುಪಿನ ಬಣ್ಣ. ಮುಖ ಓದುವ ಶಕ್ತಿ ಮೀನಿಗೆ ಇರಬಹುದು, ಆದರೆ ಅಂಗಿಯ ಬಣ್ಣ ಸಾಕಾದರೆ ಅದು ಅಂಗಿಯನ್ನೇ ಓದುತ್ತದೆ. 'ನಾನು ಗೊತ್ತು' ಎನ್ನುವ ಯಜಮಾನರು ದಿನವೂ ಅದೇ ಗೆರೆಗೆರೆ ಲುಂಗಿ ಉಟ್ಟುಕೊಂಡು ಊಟ ಹಾಕುತ್ತಾರೇನೋ, ಒಮ್ಮೆ ಬದಲಿಸಿ ನೋಡಲಿ.

ಒಟ್ಟಿನಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಮುಖವೋ, ಅಂಗಿಯೋ, ಹೆಜ್ಜೆಯೋ, ಹೊತ್ತೋ, ಯಾವುದೋ ಒಂದರಿಂದ ಮೀನು ತನಗೆ ಊಟ ಹಾಕುವವರನ್ನು ಗುರುತು ಹಿಡಿಯುತ್ತದೆ. ಈಗ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ಸಾಕಿದವರಿಗೆ ಮೀನು ಗೊತ್ತೆ?

ಅಂಗಡಿಯಲ್ಲಿ ಒಂದೇ ಬಣ್ಣದ ಹತ್ತು ಮೀನು ತಂದು ಬಿಟ್ಟವರನ್ನು ಕೇಳಿ, ಇದರಲ್ಲಿ ನಿನ್ನೆ ಕಲ್ಲಿನ ಹಿಂದಿದ್ದದ್ದು ಯಾವುದು ಅಂತ. 'ಎಲ್ಲ ಒಂದೇ ಥರ ಇದಾವಲ್ಲ' ಅಂತಾರೆ. ಜಪಾನಿನ ಭತ್ತದ ಗದ್ದೆಗಳಲ್ಲಿ ಮೆದಾಕ ಎಂಬ ಪುಟ್ಟ ಮೀನು ಇದೆ, ನಮ್ಮ ಕಿರುಬೆರಳಿಗಿಂತ ಚಿಕ್ಕದು. 2017ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದ ಹಾಗೆ, ಆ ಮೀನು ತನಗೆ ಪರಿಚಯದ ಮೀನು ಯಾವುದು, ಹೊಸಬ ಯಾರು ಅನ್ನೋದನ್ನು ಮುಖ ನೋಡಿಯೇ ಹೇಳುತ್ತದೆ. ಮುಖವನ್ನು ತಲೆಕೆಳಗು ಮಾಡಿ ತೋರಿಸಿದರೆ ಅದಕ್ಕೆ ಕಷ್ಟ. ಮನುಷ್ಯರಿಗೂ ಹಾಗೇ, ತಲೆಕೆಳಗಾದ ಫೋಟೋದಲ್ಲಿ ನಮಗೆ ನಮ್ಮ ನೆಂಟರೂ ಬೇಗ ಗುರುತಾಗುವುದಿಲ್ಲ. ಹವಳದ ದಿಬ್ಬಗಳಲ್ಲಿರೋ ಒಂದು ಜಾತಿಯ ಹಳದಿ ಮೀನು ತನ್ನದೇ ರೂಪದ ಬೇರೆ ಜಾತಿಯ ಮೀನಿನಿಂದ ತನ್ನವರನ್ನು ಬೇರ್ಪಡಿಸೋದು ಮುಖದ ಮೇಲಿನ ಚಿತ್ತಾರದಿಂದ. ಆ ಚಿತ್ತಾರ ಅತಿನೇರಳೆ ಬೆಳಕಲ್ಲಿ ಮಾತ್ರ ಕಾಣುತ್ತದೆ. ನಮ್ಮ ಕಣ್ಣಿಗೆ ಅದು ಬರೀ ಹಳದಿ.

ಎಲ್ಲ ಒಂದೇ ಥರ ಕಾಣೋದು ನೋಡೋನ ಕಣ್ಣಿನ ಕೊರತೆ. ಆ ಕೊರತೆಯನ್ನು ನೋಡಿಸಿಕೊಂಡವರ ತಲೆಗೆ ಕಟ್ಟುವುದು ಹಳೆಯ ಚಾಳಿ. ಊರೊಳಗಿನವರಿಗೆ ಕೇರಿಯವರೆಲ್ಲ ಒಂದೇ ಥರ ಕಾಣುತ್ತಿದ್ದರು. 'ಲೇ ಇವನೇ', 'ಏ ಹುಡುಗ' ಅಂದರೆ ಸಾಕಿತ್ತು. ಎಪ್ಪತ್ತು ವರ್ಷದ ಮುದುಕನೂ ಹುಡುಗನೇ. ಆ ಮುದುಕನಿಗೋ, ಊರೊಳಗಿನ ಮೂರು ತಲೆಮಾರಿನ ಮುಖ, ನಡಿಗೆ, ಸಿಟ್ಟು, ಉದಾರತೆ ಎಲ್ಲ ಬಾಯಿಪಾಠ. ತಿಳಿದುಕೊಳ್ಳಲೇಬೇಕಾದ ಕಷ್ಟ ಯಾವಾಗಲೂ ಕೆಳಗಿದ್ದವನದು. ಮೇಲಿದ್ದವನು ತಿಳಿಯದೆಯೂ ಬದುಕಬಲ್ಲ.

ಎರಡನೆಯ ಮಾತಿಗೆ ಬರೋಣ. ಮೀನು ಒಡೆಯನನ್ನು ಒಪ್ಪಿದೆಯಂತೆ. ಒಡೆತನ ಅನ್ನೋದು ನೀರಿನ ಒಳಗಿಂದ ಕಾಣುವ ವಸ್ತುವೆ? ತೊಟ್ಟಿಗೆ ದುಡ್ಡು ಕೊಟ್ಟವನು ಯಜಮಾನ. ಅಂಗಡಿಯ ರಸೀದಿ ಅವನ ಹೆಸರಲ್ಲಿದೆ. ಆದರೆ ಇಂಥ ಎಷ್ಟೋ ಮನೆಗಳಲ್ಲಿ ದಿನವೂ ಚಿಟಿಕೆ ಊಟ ಉದುರಿಸೋದು, ಪಾಚಿ ಕೆರೆಯೋದು, ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಬದಲಿಸೋದು ಮನೆಗೆಲಸದ ಹೆಂಗಸು. ಅವಳು ಬಂದರೆ ಮೀನು ಗಾಜಿಗೆ ಬರುತ್ತದೆ. ಯಜಮಾನ ಬಂದರೆ ಬಂದೀತು, ಬರದೆಯೂ ಇದ್ದೀತು. ಅದೇ ಮನೆಯಲ್ಲಿ ಅವಳ ಕಾಫಿ ಲೋಟ ಬೇರೆ, ಕಿಟಕಿಯ ಕಟ್ಟೆಯ ಮೇಲೆ ಕವುಚಿಟ್ಟಿರುತ್ತದೆ. ಅವಳು ಮುಟ್ಟಿದ ನೀರು ಮೀನಿಗೆ ಆಗುತ್ತದೆ, ಮೀನು ಸಾಕಿದವರಿಗೆ ಆಗುವುದಿಲ್ಲ.

1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದಾಗ ನಮ್ಮ ತಾಲೂಕು ಕಚೇರಿಗಳಲ್ಲಿ ನ್ಯಾಯಮಂಡಳಿಗಳು ಕೂತವು. ಉಳುವವನು ಯಾರು, ಸಾಕ್ಷಿ ಯಾರು ಅಂತ ಕೇಳಿದರು. ಎಷ್ಟೋ ಕಡೆ ಸಾಕ್ಷಿ ಹೇಳುವವರ ಬಾಯಿ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಮೀನಿನ ಬಾಯಿ ಕಟ್ಟಿಸುವುದು ಕಷ್ಟ. ತೊಟ್ಟಿಯ ಖಾತೆ ಯಾರ ಹೆಸರಿಗೆ ಆಗಬೇಕು ಅಂತ ಮೀನನ್ನೇ ಸಾಕ್ಷಿ ಕರೆದರೆ ಅದು ಯಾರ ಕಡೆ ಈಜುತ್ತದೆ ಅನ್ನೋದನ್ನು ನೋಡಬೇಕು. ನಗೆಯ ಮಾತಲ್ಲ ಇದು. ಕೆಲಸಕ್ಕೂ ಒಡೆತನಕ್ಕೂ ನಡುವೆ ಇರೋ ಬಿರುಕು ಕಾಗದಪತ್ರ ಓದಬಲ್ಲ ನಮಗೆ ಕಾಣದೆ ಹೋಗಬಹುದು. ಕಾಗದ ಕಾಣದ ಜೀವಕ್ಕೆ ಕಾಣೋದು ಕೈ ಮಾತ್ರ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ಹೋದವರು ನೋಡಿರುತ್ತಾರೆ. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ, ಭಕ್ತರು ಮಂಡಕ್ಕಿ ಎರಚುತ್ತಾರೆ, ದೊಡ್ಡ ದೊಡ್ಡ ಮೀನು ಒಂದರ ಮೇಲೊಂದು ಬಿದ್ದು ಬರುತ್ತವೆ. ಎರಚಿದ ಕೈ ಯಾವ ಜಾತಿಯದು ಅಂತ ಅವುಗಳಲ್ಲಿ ಒಂದೂ ಈವರೆಗೆ ಕೇಳಿಲ್ಲ.

ಮೂರನೆಯದು ಪ್ರೀತಿ, ನಿಷ್ಠೆ, ಉಪ್ಪಿನ ಋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕು. ಮೀನಿಗೆ ಏನೂ ಅನ್ನಿಸುವುದಿಲ್ಲ ಅಂತ ನಾವು ವಾದ ಹೂಡಿದರೆ ಮೂರು ಸೆಕೆಂಡಿನ ನೆನಪಿನವರ ಸಾಲಿಗೇ ಸೇರುತ್ತೇವೆ. ಅನ್ನಿಸಬಹುದು. ಆದರೆ ನಾಲ್ಕೂ ಕಡೆ ಗಾಜು, ಊಟ ಬರುವುದು ಒಂದೇ ಕೈಯಿಂದ, ಅದೂ ಮೇಲಿನ ಒಂದೇ ಕಿಂಡಿಯಿಂದ ಎಂದಿರುವಾಗ, ಆ ಕೈಯತ್ತ ಬರುವುದನ್ನು ಪ್ರೀತಿ ಅಂತ ಓದುವ ಹಕ್ಕು ಕೈಯವನಿಗೆ ಇದೆಯೆ? ಬೇರೆ ದಾರಿ ಇದ್ದೂ ಬಂದಿದ್ದರೆ ಆ ಮಾತು ಬೇರೆ. ಮೆಡಿಟರೇನಿಯನ್ನಿನ ಮೀನುಗಳಿಗೆ ಇಡೀ ಸಮುದ್ರವಿತ್ತು, ಅವು ಬಂದವು, ಬೇಡವಾದಾಗ ಹೋದವು. ತೊಟ್ಟಿಯ ಮೀನು ಹೋಗಿ ತೋರಿಸಲಾರದು. ಜೀತ ರದ್ದು ಮಾಡುವ ಕಾಯ್ದೆ 1976ರಲ್ಲಿ ಬಂದಾಗ ಧಣಿಗಳು ಹೇಳಿದ್ದು ಇದನ್ನೇ. 'ಅವನು ನಮ್ಮ ಮನೆ ಮಗ ಇದ್ದ ಹಾಗೆ, ಬಿಟ್ಟರೂ ಹೋಗಲ್ಲ.' ಹೋಗಲು ಅವನಿಗೆ ಎಲ್ಲಿ ನೆಲವಿತ್ತು ಅಂತ ಯಾರೂ ಕೇಳಲಿಲ್ಲ.

ಹೆಗೆಲ್ ಎನ್ನುವ ಜರ್ಮನಿಯ ತತ್ವಜ್ಞಾನಿ 1807ರಲ್ಲೇ ಒಂದು ತೊಡಕನ್ನು ಹಿಡಿದಿದ್ದ. ಧಣಿಗೆ ತನ್ನನ್ನು ಧಣಿ ಅಂತ ಇನ್ನೊಬ್ಬರು ಒಪ್ಪಬೇಕು ಅನ್ನೋ ಹಸಿವು. ಒಪ್ಪುತ್ತಿರೋನು ಆಳು. ಆಳನ್ನು ಇವನು ಸರೀಕನೆಂದು ಎಣಿಸಿಲ್ಲ. ಎಣಿಕೆಗಿಲ್ಲದವನ ಒಪ್ಪಿಗೆಯಿಂದ ಇವನ ಹೊಟ್ಟೆ ಹೇಗೆ ತುಂಬೀತು? ತುಂಬದು. ಅದಕ್ಕೇ ಮತ್ತೆ ಮತ್ತೆ ಬಂದವರೆದುರು ತೊಟ್ಟಿಯ ಹತ್ತಿರ ಹೋಗಿ ನಿಲ್ಲೋದು, 'ನೋಡಿ, ನಾನು ಗೊತ್ತು ಅದಕ್ಕೆ' ಅನ್ನೋದು.

ಇದು ಬರೀ ಮಾತಿನ ಜಗಳವಲ್ಲ, ಜೀವ ಹೋಗುವ ವಿಷಯ. ಮೀನು ಕಿವಿರಿನ ಮೂಲಕ ಅಮೋನಿಯ ಹೊರಹಾಕುತ್ತದೆ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ. ತೊಟ್ಟಿಯಲ್ಲಿ ಅದನ್ನು ತಿಂದು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆದಿರಬೇಕು. ಹೊಸ ತೊಟ್ಟಿಯಲ್ಲಿ ಅವು ಬೆಳೆಯಲು ವಾರಗಳು ಬೇಕು. ಅಲ್ಲಿಯವರೆಗೆ ಮೀನು ತನ್ನದೇ ವಿಷದಲ್ಲಿ ಈಜುತ್ತದೆ, ಕಿವಿರು ಸುಟ್ಟುಕೊಳ್ಳುತ್ತದೆ. ದುಂಡು ಬುರುಡೆಯಾದರೆ ಬಾಯಿ ಚಿಕ್ಕದು, ಗಾಳಿ ತಾಗುವ ನೀರೂ ಕಡಿಮೆ. ಆಗ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತದೆ. ಯಜಮಾನ ಅದನ್ನು ನೋಡಿ 'ಆಹಾ, ನನ್ನ ನೋಡಿ ಮಾತಾಡ್ತಿದೆ' ಅಂತ ಇನ್ನೊಂದು ಚಿಟಿಕೆ ಊಟ ಹಾಕುತ್ತಾನೆ. ಆ ಊಟ ಕೊಳೆತು ಇನ್ನಷ್ಟು ಅಮೋನಿಯ. ಉಸಿರು ಕಟ್ಟಿದ್ದನ್ನು ನಮಸ್ಕಾರ ಅಂತ ಓದಿಕೊಂಡರೆ ಹೀಗಾಗುತ್ತದೆ. ಇಟಲಿಯ ಮೊಂಜಾ ನಗರಸಭೆ 2004ರಲ್ಲಿ ದುಂಡು ಬುರುಡೆಯಲ್ಲಿ ಮೀನಿಡೋದನ್ನು ನಿಷೇಧಿಸಿತು. ಬಾಗಿದ ಗಾಜಿನಿಂದ ಮೀನಿಗೆ ಲೋಕ ಸೊಟ್ಟಗೆ ಕಾಣುತ್ತದೆ ಅನ್ನೋದು ಅವರು ಕೊಟ್ಟ ಕಾರಣ. ಮರುವರ್ಷ ರೋಮ್ ಕೂಡ ಬುರುಡೆ ನಿಲ್ಲಿಸಿತು.

ಮನೆಗೆ ಒಳ್ಳೆಯದಾಗಲಿ ಅಂತ ಫೆಂಗ್ ಶೂಯಿ ಪ್ರಕಾರ ಮೀನು ಇಡುವವರದು ಇನ್ನೊಂದು ಥರ. ಎಂಟು ಹೊನ್ನಿನ ಬಣ್ಣದವು, ಒಂದು ಕರಿಯದು. ಮನೆಗೆ ಬರೋ ಕೇಡನ್ನೆಲ್ಲ ಕರಿಯ ಮೀನು ತನ್ನ ಮೈಮೇಲೆ ಎಳೆದುಕೊಳ್ಳುತ್ತದಂತೆ. ಅದು ಸತ್ತರೆ ಅಳಬೇಕಾಗಿಲ್ಲ, ಕೇಡು ಕಳೆಯಿತು ಅಂತ ಇನ್ನೊಂದು ಕರಿಯ ಮೀನು ತರಬೇಕು. ಈ ಪದ್ಧತಿ ಚೀನಾದಿಂದ ಬಂದದ್ದು ಅಂತಾರೆ. ಬಂದ ತಕ್ಷಣ ನಮ್ಮವರಿಗೆ ಅರ್ಥವಾದದ್ದು ಹೇಗೆ ಅಂತ ಕೇಳಬೇಕಾಗಿಲ್ಲ.

ಮನುಷ್ಯರನ್ನು ಮೀನಿಗೆ ಹೋಲಿಸುತ್ತೀರಾ ಅಂತ ಸಿಟ್ಟಾಗುವ ಗೆಳೆಯರಿಗೆ ಒಂದು ಮಾತು. ಆ ಸಿಟ್ಟು ನಮಗೂ ಇದೆ. ಪ್ರಾಣಿಗಳ ಸಾಲಿನಲ್ಲೂ ನಮ್ಮನ್ನು ಕೆಳಗೆ ಇಟ್ಟವರ ನಾಡು ಇದು. ಮಹಾಡದ ಚೌದಾರ್ ಕೆರೆಯಲ್ಲಿ ದನ ಎಮ್ಮೆ ನೀರು ಕುಡಿಯುತ್ತಿದ್ದವು, ಅಸ್ಪೃಶ್ಯರು ಕುಡಿಯುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಕೊಡಗಟ್ಟಲೆ ಸುರಿದು ಕೆರೆ 'ಶುದ್ಧ' ಮಾಡಿದರು. ಮೊಕದ್ದಮೆ ಮುಗಿಯೋದಕ್ಕೆ 1937 ಬರಬೇಕಾಯಿತು. ಮೀನಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಅಲ್ಲೇ ಇದೆ. ಧಣಿಯ ಮುಖವನ್ನು ಚೆನ್ನಾಗಿ ಓದಬಲ್ಲವನು ಒಂದು ದಿನ ಆ ಮುಖಕ್ಕೆ ಬೆನ್ನು ತಿರುಗಿಸಿ ಕೆರೆಗೆ ನಡೆಯಬಲ್ಲ. ಮೀನಿಗೆ ಆ ದಾರಿ ಇಲ್ಲ. ಆದ್ದರಿಂದ ಸಾಕಿದವರ ಮೇಲಿನ ಹೊಣೆ ಹೆಚ್ಚು, ಕಡಿಮೆಯಲ್ಲ.

ನಾವು ಮೀನು ತಿನ್ನುವವರು. ಕೆರೆ ಬತ್ತಿದಾಗ ಕೆಸರಿಗಿಳಿದು ಗೆಂಡೆ, ಕೊರವ, ಹಾವುಮೀನು ಹಿಡಿದು ಸಾರು ಮಾಡಿ ಉಂಡವರು. ಆ ವಾಸನೆಗೆ ಮೂಗು ಮುಚ್ಚಿಕೊಂಡವರ ಮನೆಯಲ್ಲೇ ಇವತ್ತು ಗಾಜಿನ ತೊಟ್ಟಿ ಇರೋದು. ತಿನ್ನುವವನು ಮೀನಿನಿಂದ ಮೀನನ್ನು ಪಡೆಯುತ್ತಾನೆ, ಅದರ ಕೈಯಲ್ಲಿ ತನ್ನನ್ನು ಹೊಗಳಿಸಿಕೊಳ್ಳುವುದಿಲ್ಲ. ಇದರಲ್ಲಿ ಯಾವುದು ಹೆಚ್ಚು ಕ್ರೂರ ಅನ್ನೋದನ್ನು ಇಲ್ಲಿ ತೀರ್ಮಾನಿಸಲು ಹೋಗುವುದಿಲ್ಲ. ಅಹಿಂಸೆಯ ಉಪದೇಶ ಯಾವ ಮನೆಯಿಂದ ಬರುತ್ತಿದೆ ಅನ್ನೋದನ್ನಷ್ಟು ಗಮನಿಸಿ.

ಹಳ್ಳಿ ಶಾಲೆಯ ಮೇಷ್ಟ್ರು ಗೆಳೆಯರು ಕೆಲವರು ತರಗತಿಯಲ್ಲಿ ಮೀನಿನ ತೊಟ್ಟಿ ಇಟ್ಟಿದ್ದಾರೆ. ಇಡಲಿ, ಮಕ್ಕಳು ಕಲಿಯುತ್ತವೆ. ಬುರುಡೆ ಬೇಡ, ಬಾಯಿ ಅಗಲವಾಗಿರೋದು ಇರಲಿ. ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟು ಕ್ಲೋರಿನ್ ಹೋಗಲು ಬಿಡಿ, ಒಮ್ಮೆಗೇ ಎಲ್ಲ ನೀರು ಚೆಲ್ಲದೆ ಕಾಲು ಭಾಗ ಬದಲಿಸಿ. ಮೀನು ಯಾರನ್ನು ಗುರುತಿಸುತ್ತದೆ ಅಂತ ಮಕ್ಕಳೇ ಪರೀಕ್ಷೆ ಮಾಡಲಿ: ಒಂದು ವಾರ ಕೆಂಪು ಅಂಗಿಯವನು ಊಟ ಹಾಕಲಿ, ಆಮೇಲೆ ಅಂಗಿ ಅದಲು ಬದಲು ಮಾಡಿ ನೋಡಲಿ. ಹತ್ತು ಮೀನಿದ್ದರೆ ಹತ್ತನ್ನೂ ಬೇರೆ ಬೇರೆಯಾಗಿ ಗುರುತಿಸೋದನ್ನು ಮಕ್ಕಳಿಗೆ ಕಲಿಸಿ, ಯಾವುದರ ರೆಕ್ಕೆ ಹರಿದಿದೆ, ಯಾವುದು ಹಿಂದೆ ಉಳಿಯುತ್ತೆ ಅಂತ. ತೊಟ್ಟಿ ತೊಳೆಯುವ ಪಾಳಿ ಹಾಜರಿ ಪುಸ್ತಕದ ಕ್ರಮದಲ್ಲೇ ಬರಲಿ. ಕೇರಿಯ ಮಕ್ಕಳಿಂದ ಶುರುವಾಗೋದು ಬೇಡ.